ಹುಳದ ಕುಲ, ಕಡಜದ ಕುಲ

ಬೀಗರು ಹೊಸ್ತಿಲು ದಾಟಿದಾಗಿನಿಂದ ನೀಲಾಂಬಿಕಳ ಮೈ ಉರಿಯುತ್ತಿತ್ತು. ಉರಿಯದೆ ಇನ್ನೇನು? ತಂಗಿ ರಾಜೇಶ್ವರಿ ಐದು ತಿಂಗಳ ಬಸುರಿ, ಸೊರಬದ ಕಡೆಯ ಜಡೆ ಊರಿನ ಅತ್ತೆಮನೆಯಿಂದ ಒಬ್ಬಳೇ ಬಸ್ಸು ಹತ್ತಿ ಶಿಕಾರಿಪುರದ ತವರಿಗೆ ಓಡಿಬಂದಿದ್ದಳು. ಹಾಲು ಉಕ್ಕಿಸಿದಳೆಂದು ಅತ್ತೆ ಕಾದ ಸೌಟಿನಿಂದ ಎಳೆದ ಬರೆ ಮುಂಗೈ ಮೇಲೆ ಇನ್ನೂ ಹಸಿಯಾಗಿತ್ತು. ಅವಳನ್ನು ವಾಪಸು ಕರೆದೊಯ್ಯಲು ಬಂದ ಮಾವ ಬೆನಕಪ್ಪ ನಡುಮನೆಯ ಚಾಪೆ ಮೇಲೆ ಕೂತು, ಏನೂ ಆಗಿಲ್ಲವೆಂಬಂತೆ ಎಲೆಗೆ ಸುಣ್ಣ ಸವರುತ್ತಿದ್ದ. ಎದುರಿಗೆ ಅಪ್ಪ ಸದಾಶಿವಪ್ಪ ಕೈಕಟ್ಟಿ ಕೂತಿದ್ದ. ಮಂಡಿಯಲ್ಲಿ ಹಮಾಲರ ಮೇಲೆ ಗುಡುಗುವ ಬಾಯಿಗೆ ಬೀಗರ ಮುಂದೆ ಏನು ಬಂದಿತ್ತೋ!

ನೀಲಾಂಬಿಕ ಕನ್ನಡ ನಾಡು ಒಂದಾದ ಮರುವರ್ಷ ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಳು. ಉಳಿದ ಹೊತ್ತೆಲ್ಲ ಕಡಜಗಳದೇ ಧ್ಯಾನ. ಗದ್ದೆಯಿಂದ ಹಸಿರು ಹುಳ ತಂದು ಸೀಸೆಗೆ ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿ ಕಾಯುವಳು. ಕೆಲವು ಪತಂಗವಾಗುತ್ತಿದ್ದವು. ಕೆಲವನ್ನು ಒಳಗಿನಿಂದಲೇ ತಿಂದು ಮುಗಿಸಿ, ಎಳೆಯಂಥ ಸೊಂಟದ ಪುಟ್ಟ ಕಡಜ ಹೊರಬರುತ್ತಿತ್ತು. ಅದರ ರೆಕ್ಕೆಯ ನರ, ಮೀಸೆ, ಸೊಂಟ ಎಲ್ಲವನ್ನೂ ಮಸೂರದಲ್ಲಿ ನೋಡಿ, ಯಾವುದು ಯಾವುದರ ದಾಯಾದಿ, ಯಾವುದು ಬರೀ ನೋಡಲು ಒಂದೇ ಥರ ಎಂದು ವಿಂಗಡಿಸುವಳು. ‘ಗಂಡಿನ ಕುಲ-ಬೆಡಗು ಕೇಳೋ ವಯಸ್ಸಿನಾಗ ಈಕಿ ಕಡಜದ ಕುಲ-ಬೆಡಗು ಕೇಳ್ತಾಳ’ ಎಂದು ಓಣಿಯವರು ನಗುತ್ತಿದ್ದರು. ನಗಲಿ, ಅವಳಿಗೇನು?

ನಡುಮನೆಯ ಬಾಗಿಲ ಮೇಲೂ ಕಡಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಬಸುರಿ ಇರುವ ಮನೆಯಲ್ಲಿ ಅದು ಶುಭ, ಹೆರಿಗೆಯಾಗುವವರೆಗೆ ಯಾರೂ ಮುಟ್ಟಬಾರದು ಎಂದು ಅವ್ವ ಹಾಲಮ್ಮ ಆ ಕಡೆ ಪೊರಕೆಯನ್ನೂ ತಾಗಿಸುತ್ತಿರಲಿಲ್ಲ.

ಬೆನಕಪ್ಪ ಅದೇ ಗೂಡಿನ ಕಡೆ ಗದ್ದ ಎತ್ತಿದ.

“ನೋಡ್ರಿ ಬೀಗ್ರೆ, ಪಾಠ ನಿಮ್ಮ ಗೋಡೆ ಮೇಲೇ ಐತೆ. ಕಡಜ ಎಲ್ಲಿಂದಲೋ ಒಂದು ಹುಳ ಹೊತ್ತು ತರ್ತದೆ. ಕುಟುಕಿ ಕುಟುಕಿ, ಕಿವಿಯಾಗೆ ಗುಂಯ್ ಅಂತ ಹಾಡಿ ಹಾಡಿ, ಆ ಹುಳಾನೇ ಕಡಜ ಮಾಡ್ತದೆ. ಸೊಸೆ ಅಂದ್ರೂ ಹಂಗೇ. ಎರಡು ಪೆಟ್ಟು ಬಿದ್ರೆ ನಮ್ಮ ಕುಲದೋಳು ಆಗ್ತಾಳೆ.”

ಅಪ್ಪ ತಲೆಯಾಡಿಸಿದ. “ಖರೇ ಐತ್ರಿ. ಹಿರೇರೂ ಹಂಗೇ ಹೇಳ್ತಾರ.”

ಆ ಮಾತು ಕೇಳಿದ್ದೇ ತಡ, ನೀಲಾಂಬಿಕ ಬೆನಕಪ್ಪನ ಎಲೆಯಡಿಕೆ ತಟ್ಟೆಯಿಂದ ಅಡಕೊತ್ತು ಕಿತ್ತುಕೊಂಡು, ಸ್ಟೂಲು ಹತ್ತಿ, ಗೂಡಿಗೆ ಒಂದೇಟು ಹಾಕಿದಳು.

“ಅಯ್ಯೋ ನನ್ನ ಶಿವನೇ!” ಹಾಲಮ್ಮ ಕಿರುಚಿದಳು. “ಬಸುರಿ ಇರೋ ಮನಿಯಾಗ ಗೂಡು ಒಡೀತಾಳಲ್ಲೋ! ನಿನ್ನ ಕೈ ಸೇದಿಹೋಗ!”

ಒಡೆದ ಗೂಡನ್ನು ನೀಲಾಂಬಿಕ ಎಲೆ ತಟ್ಟೆಯಲ್ಲೇ ಇಟ್ಟು ಬೀಗರ ಮೂಗಿನಡಿ ಹಿಡಿದಳು. ಒಳಗೆ ನಾಲ್ಕಾರು ಹಸಿರು ಹುಳಗಳು ಮಡಚಿಕೊಂಡು ಬಿದ್ದಿದ್ದವು. ಒಂದರದು ಬರೀ ಚರ್ಮ ಉಳಿದಿತ್ತು. ಇನ್ನೊಂದಕ್ಕೆ ಹಳದಿಯ ಡುಮ್ಮ ಮರಿಯೊಂದು ಬಾಯಿ ಹಚ್ಚಿತ್ತು.

“ಎಲ್ಲಿ ಐತ್ರಿ ಹಾಡು? ಕಣ್ಣು ಬಿಟ್ಟು ನೋಡ್ರಿ ಮಾವನೋರೆ! ಈ ಹಸಿರು ಹುಳ ಪತಂಗದ ಮಗಳು. ಬಿಟ್ಟಿದ್ರ ಪತಂಗನೇ ಆಗ್ತಿತ್ತು. ಹಳದಿದು ಕಡಜದ ಕೂಸು. ಕಡಜ ಯಾವ ಹುಳಾನೂ ತನ್ನ ಕುಲಕ್ಕ ಸೇರಿಸಿಕೊಳ್ಳಲ್ಲ. ಮಿಸುಕಾಡದಂಗ ಕುಟುಕಿ, ಕೂಸಿಗೆ ತಿನ್ನಾಕ ಇಡ್ತತಿ. ಪೂರ್ತಿ ಸಾಯಿಸಂಗಿಲ್ಲ. ಸತ್ರ ಕೊಳೀತತಲ್ಲ, ಅದಕ್ಕ!”

“ಹೋಗ್ಲಿ ಬಿಡವ್ವ, ಹುಳದ ಮಾತು ಯಾಕೆ ಈಗ?” ಎಂದ ಬೆನಕಪ್ಪ.

“ಹುಳದ ಮಾತು ತಗದೋರು ನೀವು! ಪೂರ್ತಿ ಕೇಳ್ರಿ. ಈ ಕಡಜದ ಹಿಂದಿನೋರಿಗೆ ಗೂಡು ಕಟ್ಟಾಕ ಬರ್ತಿರಲಿಲ್ಲ. ಹುಳದ ಮೈಗೇ ಕೊಳವಿ ಚುಚ್ಚಿ ಮೊಟ್ಟಿ ಇಡ್ತಿದ್ವು. ಅದೇ ಕೊಳವಿ ಈಗ ಕುಟುಕೋ ಮುಳ್ಳಾಗೈತಿ. ಮನಿ ಕಟ್ಟಾಕ ಕಲ್ತ್ರೂ ಒಳಗ ಮಾಡೋ ಕೆಲಸ ಅದೇ. ನಿಮ್ಮ ಮನಿಯಾಗೂ ಅದೇ!”

“ನೀಲಾ, ಬಾಯಿ ಮುಚ್ಚು!” ಎಂದ ಅಪ್ಪ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ರಾಜೇಶ್ವರಿ ಮೆಲ್ಲಗೆ ಬಂದು ತಟ್ಟೆಯ ಮೇಲೆ ಬಗ್ಗಿದಳು. ಒಂದು ಹುಳವನ್ನು ಬೆರಳಿಂದ ಮುಟ್ಟಿದಳು. ಅದು ತುಸು ನಡುಗಿತು.

“ಅಕ್ಕಾ, ಇದಕ್ಕಿನ್ನೂ ಜೀವ ಐತಿ.”

“ಐತಿ.”

ಮದುವೆಯಾದಾಗಿನಿಂದ ಮಾವನ ಎದುರು ಒಂದು ಮಾತೂ ಆಡಿರದ ಹುಡುಗಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು.

“ಮಾವನೋರೆ, ಸೊರಬದ ಬಸ್ಸಿಗೆ ಹೊತ್ತಾತು. ನೀವು ಹೊರಡ್ರಿ. ನಾ ಬರಂಗಿಲ್ಲ.”

“ಏನ್ರೀ ಬೀಗ್ರೆ ಇದು? ನಿಮ್ಮ ಮಗಳಿಗೆ ಒಂದು ಮಾತು ಹೇಳ್ರಿ!” ಬೆನಕಪ್ಪ ಅಪ್ಪನ ಕಡೆ ತಿರುಗಿದ.

ಸದಾಶಿವಪ್ಪ ತಟ್ಟೆಯನ್ನೇ ನೋಡುತ್ತಿದ್ದ. ಹಳದಿ ಮರಿ ಇನ್ನೂ ಉಣ್ಣುತ್ತಲೇ ಇತ್ತು. ಅವನು ಎದ್ದು, ಗೂಟದಿಂದ ಬೀಗರ ಕೊಡೆ ತೆಗೆದು, ಅವರ ಕೈಗೆ ಕೊಟ್ಟ.

ರಾಜೇಶ್ವರಿ ಅಳತೊಡಗಿದಳು. ಹಾಲಮ್ಮ ಅವಳನ್ನು ಅಪ್ಪಿಕೊಂಡಳು. ನೀಲಾಂಬಿಕಳ ಸಿಟ್ಟು ಮಾತ್ರ ಇಳಿಯಲಿಲ್ಲ. ಮಗಳ ಕೈಯ ಬರೆ ನೋಡಿದಾಗ ಏಳದ ಅಪ್ಪ ಹುಳ ನೋಡಿ ಎದ್ದಿದ್ದ.