ಕಿಸೆಯ ಫ್ಯೂಸು

ತೆಂಗಿನ ಮಡಲಿನ ತಡಿಕೆಯ ಅಡಿಯಿಂದ ನೀರು ಹರಿದು ಬಂದದ್ದೇ ಸ್ಟ್ಯಾನಿಸ್ಲಾಸ್ ಎರಡೂ ಕಾಲುಗಳನ್ನು ಬೆಂಚಿನ ಮೇಲಕ್ಕೆ ಎಳೆದುಕೊಂಡ. ಆಚೆ ಮೊಯ್ದೀನನ ಮಯ್ಯತ್ತನ್ನು ದಫನಕ್ಕೆ ಮೊದಲು ಮೀಯಿಸುತ್ತಿದ್ದರು. ಕರ್ಪೂರದ ವಾಸನೆಯ ನೀರು ಹೊಯಿಗೆಯಲ್ಲಿ ದಾರಿ ಹುಡುಕುತ್ತ ಬಂದು ಅವನ ಚಪ್ಪಲಿಗಳನ್ನು ಮುಟ್ಟಿತು, ಒಂದು ಸುತ್ತು ಹಾಕಿತು, ಮತ್ತೆ ತೆಂಗಿನ ಬುಡದ ಕಡೆಗೆ ತಿರುಗಿತು.

ಕಾಪುವಿನ ಆ ಸಣ್ಣ ಅಂಗಳದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು.

"ಹಾರ್ಟಂತೆ ಮಾರಾಯ. ಕೂತಲ್ಲೇ."

"ಪುಣ್ಯದ ಸಾವು. ನಮಗೆಲ್ಲ ಎಲ್ಲಿ ಉಂಟು ಅದು?"

ನಿನ್ನೆ ಸಂಜೆ ಮಣಿಪಾಲದಲ್ಲಿ, ಮನೋರಮಮ್ಮನವರ ಬಂಗಲೆಯ ಮಾಳಿಗೆಯಲ್ಲಿ, ಏಸಿ ರಿಪೇರಿ ಮಾಡುತ್ತಿದ್ದ ಮೊಯ್ದೀನ್ ಯಂತ್ರದ ಮುಂದೆಯೇ ಕುಸಿದಿದ್ದ. ಪಕ್ಕದ ಮನೆಯ ಡಾಕ್ಟರು ಬಂದು ನೋಡಿ, ಹೃದಯ ನಿಂತಿದೆ ಎಂದರು. ನಿಂತದ್ದು ನಿಜ. ಯಾಕೆ ನಿಂತಿತೆಂದು ಯಾರೂ ಕೇಳಲಿಲ್ಲ. ಕೆಳಗೆ ಮೈನ್ ಸ್ವಿಚ್ ಹಾಕಿದ್ದವನು ಅವನ ಜೊತೆಗಾರ ಸ್ಟ್ಯಾನಿಸ್ಲಾಸ್. ಅವನೊಬ್ಬ ಮಾತ್ರ ಅಲ್ಲಿಂದೀಚೆಗೆ ಕಣ್ಣು ಮುಚ್ಚದೆ ಅದನ್ನೇ ಕೇಳಿಕೊಳ್ಳುತ್ತಿದ್ದ.

ಬಾಗಿಲ ಮರೆಯಿಂದ ಮೊಯ್ದೀನನ ಹೆಂಡತಿ ಸಫಿಯಮ್ಮ ಕರೆದಳು. "ಸ್ಟ್ಯಾನಿಯಣ್ಣ, ನೀವು ಒಟ್ಟಿಗೇ ಇದ್ದಿರಲ್ಲ. ಅವರಿಗೆ ನೋವಾಯಿತಾ?"

ಅವನು ಕಾಲು ಕೆಳಗಿಳಿಸಿ ಒದ್ದೆ ಚಪ್ಪಲಿ ಮೆಟ್ಟಿದ.

ಅಷ್ಟರಲ್ಲಿ ಅವಳ ತಮ್ಮ ಜಲಾಲ್ ತಡಿಕೆ ಸರಿಸಿ ಹೊರಗೆ ಬಂದ. ತೋಳಿನವರೆಗೆ ಒದ್ದೆ. ಕೈಯಲ್ಲಿ ಕತ್ತರಿಸಿ ತೆಗೆದ ಖಾಕಿ ಅಂಗಿ.

"ಜಲಾಲ್, ಅದರ ಕಿಸೆಯಲ್ಲಿ ಎಂತಾದರೂ ಉಂಟಾ ನೋಡು," ಎಂದ ಸ್ಟ್ಯಾನಿಸ್ಲಾಸ್.

*

ಅದು ಅವರಿಬ್ಬರ ಕಟ್ಟಳೆ. ಯಾವ ಮನೆಗೆ ಹೋದರೂ ಮೊದಲು ಮೈನ್ ಆಫ್. ಆಮೇಲೆ ಏಸಿಯ ಫ್ಯೂಸನ್ನು, ಆ ಬಿಳಿ ಪಿಂಗಾಣಿಯ ತುಂಡನ್ನು, ಮೊಯ್ದೀನ್ ತಾನೇ ಕಿತ್ತು ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದ. ಯಂತ್ರದೊಳಗೆ ಕೈ ಹಾಕುವವನು ಯಾರೋ, ಅವನ ಕಿಸೆಯಲ್ಲೇ ಫ್ಯೂಸು. ಅವನು ಕಿಸೆ ತಟ್ಟಿ ತೋರಿಸಿ ಮೆಟ್ಟಿಲು ಹತ್ತಿದ ಮೇಲೆ ಸ್ಟ್ಯಾನಿಸ್ಲಾಸ್ ಮೈನ್ ಹಾಕುವುದು. ಮನೆಯವರ ಫ್ಯಾನು ತಿರುಗಬೇಕಲ್ಲ. ಮೊದಮೊದಲು ಮೇಲೆ ಹೋಗಿ ಟೆಸ್ಟರ್ ಇಟ್ಟೂ ನೋಡುತ್ತಿದ್ದರು. ವರ್ಷಗಳು ಕಳೆದ ಹಾಗೆ ಕಿಸೆಯೇ ಟೆಸ್ಟರ್ ಆಯಿತು.

ನಿನ್ನೆಯ ಯಂತ್ರ ಆ ಮನೆಯ ಯಜಮಾನರು ವಿದೇಶದಿಂದ ತಂದದ್ದು. ಸೆಖೆಗೆ ತಂಪು, ಚಳಿಗೆ ಬಿಸಿ, ಎರಡನ್ನೂ ಕೊಡುವಂಥದ್ದು. ಒಳಗಿನ ವಾಲ್ವ್ ಸಿಕ್ಕಿಕೊಂಡು ಬಿಸಿಯನ್ನು ಮಾತ್ರ ಕೊಡುತ್ತಿತ್ತು.

"ಏ ಪೊರ್ಬು," ಎಂದು, ಊರಲ್ಲಿ ಕ್ರಿಸ್ತುವರನ್ನು ಕರೆಯುವ ಹಾಗೆ ಕರೆದು, ಮೊಯ್ದೀನ್ ನಕ್ಕಿದ್ದ, "ಉಡುಪಿಯ ಸೆಖೆಯಲ್ಲಿ ಬಿಸಿಗಾಳಿಗೆ ಮಿಷನ್ ಬೇಕಾ? ನಿನ್ನ ಬಾಯಿ ಸಾಕಿತ್ತಲ್ಲ!"

"ನೀನು ಮೊದಲು ಕನ್ನಡಕ ಹಾಕು ಬ್ಯಾರಿ. ಬೋರ್ಡು ಎಲ್ಲಿ, ಗೋಡೆ ಎಲ್ಲಿ ಅಂತ ಗೊತ್ತಾಗ್ತದಾ ನಿಂಗೆ?"

"ನನ್ನ ಕೈಗೆ ಕಣ್ಣುಂಟು."

ಬೋರ್ಡಿನಲ್ಲಿ ಫ್ಯೂಸುಗಳು ಸಾಲಾಗಿದ್ದವು, ಎಲ್ಲ ಒಂದೇ ಥರ. ಮೊಯ್ದೀನ್ ಕೈ ಹಾಕಿದ. ಕಿತ್ತನೋ ಇಲ್ಲವೋ, ಸ್ಟ್ಯಾನಿಸ್ಲಾಸ್ ನೋಡಲಿಲ್ಲ, ಬೀಡಿ ಹಚ್ಚುತ್ತಿದ್ದ. ಮೆಟ್ಟಿಲಲ್ಲಿ ಹೆಜ್ಜೆಯ ಸದ್ದು ನಿಂತ ಮೇಲೆ ಮೈನ್ ಹಾಕಿದ.

*

ಜಲಾಲ್ ಒದ್ದೆ ಕಿಸೆಗೆ ಎರಡು ಬೆರಳು ತೂರಿಸಿದ. ಬಿಳಿ ಪಿಂಗಾಣಿಯ ತುಂಡು ಹೊರಗೆ ಬಂತು.

"ಇದೆಂತ ಸ್ಟ್ಯಾನಿಯಣ್ಣ? ನಿಮ್ಮ ಸಾಮಾನಾ?"

ಸ್ಟ್ಯಾನಿಸ್ಲಾಸ್ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಇದು ಇಲ್ಲಿದೆ ಎಂದರೆ ಯಂತ್ರದಲ್ಲಿ ಕರೆಂಟು ಇರಲಿಲ್ಲ. ಹಾಗಾದರೆ ಅದು ಹಾರ್ಟೇ. ಅವನು ನೇರ ಬಾಗಿಲಿಗೆ ಹೋದ.

"ಸಫಿಯಮ್ಮ, ನೋವಾಗಲಿಲ್ಲ. ನಾನು ಹೇಳುತ್ತೇನೆ. ಸ್ವಲ್ಪವೂ ಆಗಲಿಲ್ಲ."

ಮರೆಯ ಹಿಂದೆ ಅವಳು ಮೊದಲ ಸಲ ಬಾಯಿಬಿಟ್ಟು ಅತ್ತಳು.

ಕಾರ್ಕಳದಿಂದ ಮಗಳು ಆಯಿಶಮ್ಮ ಬಂದು ಮುಖ ನೋಡಿದಳು. ಕಫನ್ ಬಟ್ಟೆ ಕಟ್ಟಿದರು. ಮಯ್ಯತ್ತು ಹೊರುವ ಮಸೀದಿಯ ಮಂಚ ಅಂಗಳಕ್ಕೆ ಬರುವ ಹೊತ್ತಿಗೆ ಗೇಟಿನ ಬಳಿ ಅಂಬಾಸಡರ್ ನಿಂತಿತು. ಮನೋರಮಮ್ಮನವರ ಡ್ರೈವರ್ ಮುದ್ದಣ್ಣ ಇಳಿದು, ಸ್ಟ್ಯಾನಿಸ್ಲಾಸನನ್ನು ಕಂಡು ಬಳಿಗೆ ಬಂದ. ಕೈ ಹಿಸುಕಿಕೊಂಡ.

"ಈ ಹೊತ್ತಿನಲ್ಲಿ ಹೇಳ್ಲಿಕ್ಕೆ ನಾಚಿಕೆ ಆಗ್ತದೆ ಪೊರ್ಬುಗಳೇ. ನಿನ್ನೆಯಿಂದ ಬಚ್ಚಲಿನ ಗೀಸರ್ ಬರುದಿಲ್ಲ. ಬೋರ್ಡಿನಲ್ಲಿ ಅದರ ಫ್ಯೂಸೇ ಇಲ್ಲ. ನಿಮ್ಮ ಹತ್ತಿರ ಏನಾದರೂ..."

"ಗೀಸರಿನದ್ದಾ?"

"ಹೌದು. ಉಳಿದ ಫ್ಯೂಸೆಲ್ಲ ಸರಿ ಉಂಟು, ಏಸಿಯದ್ದೂ. ಏಸಿಗೆ ನಾನೇ ಮುಚ್ಚಳ ಹಾಕಿ ಸ್ವಿಚ್ ಒತ್ತಿದೆ, ಓಡಿತು. ಆದರೆ ಬಿಸಿಗಾಳಿಯೇ ಬರುದು. ಯಾರೋ ಮುಖದ ಹತ್ತಿರವೇ ಉಸಿರು ಬಿಟ್ಟ ಹಾಗೆ. ಅಮ್ಮ ಆ ಕೋಣೆಗೆ ಹೋಗುದಿಲ್ಲ ಈಗ."

ಸ್ಟ್ಯಾನಿಸ್ಲಾಸ್ ಅಂಗೈ ಬಿಚ್ಚಿದ. ಮುದ್ದಣ್ಣ ತುಂಡನ್ನು ತೆಗೆದುಕೊಂಡು, ಕರವಸ್ತ್ರದಲ್ಲಿ ಒರಸಿ, ಕಾರಿನ ಕಡೆಗೆ ನಡೆದ.

"ಬನ್ನಿ, ನೀವೂ ಒಂದು ಹೆಗಲು ಕೊಡಿ," ಎಂದು ಜಲಾಲ್ ಕರೆದ. ಸ್ಟ್ಯಾನಿಸ್ಲಾಸ್ ಮಂಚದ ಕಾಲನ್ನು ಬಲಗೈಯಲ್ಲಿ ಹಿಡಿದು ಹೆಗಲಿಗೇರಿಸಿದ. ಹೊಸ್ತಿಲಲ್ಲಿ ಸಫಿಯಮ್ಮ ಮಗಳ ತಲೆಯನ್ನು ಎದೆಗೊತ್ತಿಕೊಂಡು ಹೇಳುತ್ತಿದ್ದಳು: "ಅಳಬೇಡ ಮಗಾ. ಬಾಪನಿಗೆ ನೋವಾಗಲಿಲ್ಲವಂತೆ. ಸ್ಟ್ಯಾನಿಯಣ್ಣ ಒಟ್ಟಿಗೇ ಇದ್ದರಲ್ಲ, ಅವರೇ ಹೇಳಿದ್ದಾರೆ."

ಮಂಚ ರಸ್ತೆಗಿಳಿಯಿತು. ಹೆಗಲು ಕೊಡುವುದು ಪುಣ್ಯದ ಕೆಲಸ. ಹಿಂದಿನಿಂದ ಬಂದವರು ತಟ್ಟಿದೊಡನೆ ಮುಂದಿನವರು ಬಿಟ್ಟುಕೊಟ್ಟು ಸರಿಯುತ್ತಿದ್ದರು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಸ್ಟ್ಯಾನಿಸ್ಲಾಸನ ಬೆನ್ನನ್ನೂ ಒಂದು ಕೈ ತಟ್ಟಿತು. ಅವನು ಬಿಡಲಿಲ್ಲ. ಸೇತುವೆಯ ಬಳಿ ಇನ್ನೊಬ್ಬರು ತಟ್ಟಿದರು.

"ಕೊಡಿ ಮಾರಾಯರೇ, ನಮಗೂ ಸ್ವಲ್ಪ ಇರಲಿ," ಎಂದ ಯಾರೋ ಮುದುಕ, ಅರ್ಧ ತಮಾಷೆಗೆ.

ಉಳಿದ ಮೂರು ಮೂಲೆಗಳಲ್ಲಿ ಹೆಗಲುಗಳು ಬದಲಾಗುತ್ತಲೇ ಇದ್ದವು. ಮಸೀದಿಯ ಮೆಟ್ಟಿಲ ಬಳಿ ಮಂಚವನ್ನು ಇಳಿಸಿದ ಮೇಲೂ ಅವನ ಬಲಗೈ ಅದರ ಕಾಲನ್ನು ಬಿಟ್ಟಿರಲಿಲ್ಲ. ಜಲಾಲ್ ಮೊಣಕಾಲೂರಿ ಕುಳಿತು, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.