ಮರಳಿ ಹೇಳುವ ದನಿ

ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ಅವನು ಕೋಣೆಯ ನಾಲ್ಕು ಮೂಲೆಗಳನ್ನೂ ಕ್ಯಾಮೆರಾಕ್ಕೆ ತೋರಿಸಿದ. ಪರೀಕ್ಷೆ ಮುಗಿಯುವವರೆಗೆ ಇನ್ನೊಬ್ಬರ ಮುಖ ಕಾಣಬಾರದು, ದನಿ ಕೇಳಬಾರದು ಎಂಬುದು ನಿಯಮ. ಹೆಂಡತಿ ಆಗಲೇ ಅಡುಗೆಮನೆಗೆ ಸರಿದಿದ್ದಳು. ಸದ್ದಾಗದಿರಲೆಂದು ಗೋಡೆ ಗಡಿಯಾರದ ಸೆಲ್ ಕೂಡ ತೆಗೆದಿಟ್ಟಿದ್ದಳು.

"ನಮ್ಮ ಮದುವೆ ದಿನಾನೂ ಇಷ್ಟು ನೀಟಾಗಿ ತಲೆ ಬಾಚಿರಲಿಲ್ಲ ನೀವು," ಎಂದು ಬೆಳಿಗ್ಗೆ ಛೇಡಿಸಿದ್ದಳು.

"ಅವತ್ತು ಫೇಲಾಗೋ ಭಯ ಇರಲಿಲ್ಲ."

ಇದು ಮೂರನೆಯ ಸಲ, ಕೊನೆಯ ಸಲ. ಅಣು ವಿದ್ಯುತ್ ಸ್ಥಾವರದ ಪ್ರಯೋಗಾಲಯದಲ್ಲಿ ಅವನು ಇಪ್ಪತ್ತೆಂಟು ವರ್ಷದಿಂದ ಉಕ್ಕು ಮುರಿಯುತ್ತಿದ್ದ. ರಿಯಾಕ್ಟರಿನ ಪಾತ್ರೆಯೊಳಗೆ, ಆ ಪಾತ್ರೆಯದೇ ಉಕ್ಕಿನ ಬೆರಳುದ್ದದ ತುಂಡುಗಳನ್ನು ಇಟ್ಟಿರುತ್ತಾರೆ. ಕೆಲವು ವರ್ಷಕ್ಕೊಮ್ಮೆ ಒಂದಷ್ಟನ್ನು ಹೊರತೆಗೆದು, ದಪ್ಪ ಗಾಜಿನಾಚೆ ಯಂತ್ರದ ಕೈಗಳಿಂದ ಹಿಡಿದು, ತೂಗುಸುತ್ತಿಗೆಯಿಂದ ಹೊಡೆದರೆ, ವಿಕಿರಣಕ್ಕೆ ಪಾತ್ರೆ ಎಷ್ಟು ಪೆಡಸಾಗಿದೆ ಎಂದು ತಿಳಿಯುತ್ತದೆ. ತುಂಡು ಎಷ್ಟು ಹೊಡೆತ ತಡೆದುಕೊಂಡಿತೆಂಬ ಅಂಕಿ ಮುರಿದ ಸದ್ದಿನಲ್ಲೇ ಅವನಿಗೆ ಗೊತ್ತಾಗುತ್ತಿತ್ತು. ಆದರೆ ಈಗ ಆನ್‌ಲೈನ್ ತರಬೇತಿಯ ಪ್ರಮಾಣಪತ್ರ ಇಲ್ಲದವರಿಗೆ ಪ್ರಯೋಗಾಲಯದ ಬಾಗಿಲು ತೆರೆಯುವುದಿಲ್ಲ. ಹಿಂದಿನ ಎರಡು ಸಲವೂ ಅವನು ಪಾಠದಲ್ಲಿದ್ದದ್ದನ್ನು ಬಿಟ್ಟು ಕಣ್ಣಾರೆ ಕಂಡದ್ದಕ್ಕೆ ಗುರುತು ಹಾಕಿ ಸೋತಿದ್ದ. ಪ್ರಯೋಗಾಲಯದ ಮುಖ್ಯಸ್ಥೆ, ಮಗಳ ವಯಸ್ಸಿನವಳು, ಪಾಠಗಳನ್ನೆಲ್ಲ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ಕೊಟ್ಟು, ನಾಲ್ಕನೆಯ ಅವಕಾಶ ತನ್ನ ಕೈಯಲ್ಲಿಲ್ಲ ಎಂದು ತಲೆ ತಗ್ಗಿಸಿದ್ದಳು.

ಹದಿನೆಂಟು ಪ್ರಶ್ನೆಗಳು ಹೇಗೋ ದಾಟಿದವು. ಹತ್ತೊಂಬತ್ತನೆಯದರಲ್ಲಿ ಸುತ್ತಿಗೆ ಯಂತ್ರದ ಮುಳ್ಳಿನ ಚಿತ್ರವಿತ್ತು; ಅಂಕಿ ಎಷ್ಟು ಎಂದು ಓದಬೇಕು. ಅವನ ಬೆನ್ನು ನೆಟ್ಟಗಾಯಿತು.

"ನಲವತ್ತೊಂದು," ಎಂದ ಗಟ್ಟಿಯಾಗಿ.

"ನಲವತ್ತೊಂದು," ಎಂದಿತು ಅಡುಗೆಮನೆ.

ಕಣ್ಣು ಮಂಜಾಗಿ ಕೆಲಸ ಬಿಡುವವರೆಗೆ, ಹತ್ತೊಂಬತ್ತು ವರ್ಷ, ಹೆಂಡತಿ ಅದೇ ಪ್ರಯೋಗಾಲಯದಲ್ಲಿ ಅವನ ಬೆನ್ನ ಹಿಂದೆ ಕುಳಿತು ಅಂಕಿ ಬರೆದವಳು. ಓದಿದವನು ಕೂಗಬೇಕು, ಬರೆಯುವವಳು ಮರಳಿ ಹೇಳಬೇಕು, ಆಮೇಲೆಯೇ ಪೆನ್ನು ಕಾಗದಕ್ಕೆ ತಾಗಬೇಕು. ಮದುವೆಗೆ ಮುಂಚೆ ಅವರಿಬ್ಬರು ಆಡಿಕೊಂಡ ಮಾತೆಲ್ಲ ಬರೀ ಅಂಕಿಗಳೇ.

ಪರದೆ ಬೆಳ್ಳಗಾಯಿತು. ಇನ್ನೊಬ್ಬರ ದನಿ ದಾಖಲಾಗಿದೆ, ಪರೀಕ್ಷೆ ರದ್ದಾಗಿದೆ ಎಂದು ಎರಡು ಸಾಲು ಮೂಡಿದವು.

ಅವಳು ಒದ್ದೆ ಕೈಯನ್ನು ಬಾಯಿಗೊತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ರೀ... ಬಾಯಿಗೆ ಬಂದ್ಬಿಡ್ತು."

"ಬಿಡು. ಮುಂದಿನ ಪ್ರಶ್ನೆಗೆ ಉತ್ತರ ಹೇಗೂ ಬರ್ತಿರಲಿಲ್ಲ."

"ತಪ್ಪು ನಂದು ಅಂತ ನಾನೇ ಫೋನ್ ಮಾಡಿ ಹೇಳ್ತೀನಿ."

"ಯಾರಿಗೆ ಹೇಳ್ತೀಯ? ಆ ಕಡೆ ಮನುಷ್ಯರೇ ಇಲ್ಲ ಕಣೆ."

ಅವಳು ಒಳಗೆ ಹೋದಳು. ನಲ್ಲಿಯ ಸದ್ದು ಶುರುವಾಯಿತು. ಅವನು ಗಡಿಯಾರವನ್ನು ಗೋಡೆಯಿಂದ ಇಳಿಸಿ ಸೆಲ್ ಹಾಕಿದ. ಫೋನು ನೋಡಿ, ಒಳಗೆ ಕೇಳುವಷ್ಟು ಗಟ್ಟಿಯಾಗಿ, "ಹನ್ನೊಂದೂ ಇಪ್ಪತ್ತು," ಎಂದ.

ನಲ್ಲಿ ನಿಂತಿತು. ಗಡಿಯಾರದ ಮುಳ್ಳು ತಿರುಗಿಸುವ ತಿರುಪಿನ ಮೇಲೆ ಬೆರಳಿಟ್ಟುಕೊಂಡು ಅವನು ಒಳಗಿನ ದನಿಗಾಗಿ ಕಾದ. ಗಡಿಯಾರ ತಾನು ನಿಂತಿದ್ದ ಹೊತ್ತಿನಿಂದಲೇ ಮತ್ತೆ ಟಿಕ್ ಟಿಕ್ ಎನ್ನತೊಡಗಿತ್ತು.