ವೇದಿಕೆ ಹತ್ತಿದ ಹೊಲಿಗೆ ಮಿಷನ್

ಮಗಳನ್ನು ಕಾಲೇಜಿಗೆ ಸೇರಿಸುವ ಮಾತು ಬಂದರೆ ಎಷ್ಟೋ ಅಪ್ಪಂದಿರ ಕಿವಿ ಮಂದವಾಗುತ್ತದೆ. ಮೂಲೆಯಂಗಡಿಯ ಟೈಲರ್ ಮಾಸ್ತರರ ಕಿವಿಯೂ ಹಾಗೇ. ಮಗಳು ಕೇಳಿದಾಗಲೆಲ್ಲ ಅವರು ಕತ್ತರಿ ಹುಡುಕುತ್ತಿದ್ದರು. ಕತ್ತರಿ ಕೈಯಲ್ಲೇ ಇರುತ್ತಿತ್ತು.

ಮಗಳಿಗೆ ಎಂಜಿನಿಯರಿಂಗ್ ಓದುವಾಸೆ. ಊರಿನ ಯುವತಿಯರ ವಿದ್ಯಾರ್ಥಿವೇತನ ಸ್ಪರ್ಧೆ ಗೆದ್ದರೆ ಪೂರ್ತಿ ಫೀಸು ಸಿಗುತ್ತದೆ. ಇಲ್ಲದಿದ್ದರೆ ಓದು ಇಲ್ಲಿಗೇ ನಿಂತಂತೆ. ಹೆಸರು ಕೊಡುವ ಕೊನೆಯ ದಿನ ಅವಳು ಮತ್ತೆ ಕೇಳಿದಳು.

"ಆ ಸ್ಪರ್ಧೆನಾ? ಅದರ ಹಣೆಬರಹ ನಂಗೊತ್ತಿಲ್ವಾ! ನಮ್ಮಪ್ಪನೇ ಅದಕ್ಕೆ ಝಗಝಗ ಗೌನು ಹೊಲಿತಿದ್ರು. ಬಟ್ಟೆ ನೋಡು, ಮುಖ ನೋಡು, ಬಹುಮಾನ ಕೊಡು. ನನ್ನ ಮಗಳೇನು ಅಂಗಡಿ ಮುಂದಿನ ಬೊಂಬೆನಾ?" ಎಂದರು ಮಾಸ್ತರರು.

ಅಳತೆ ಕೊಡಲು ಬಂದಿದ್ದ ಪಕ್ಕದ ಮನೆಯ ನರ್ಸಕ್ಕ ನಕ್ಕಳು.

"ನಿಮ್ಮಪ್ಪ ಹೊಲಿದಿದ್ದು ನಿಜ ಮಾಸ್ಟ್ರೇ. ಶುರುವಿನಲ್ಲಿ ಹಾಗೇ ಇತ್ತು. ಯಾರ ಗೌನು ಜೋರೋ ಅವರೇ ಗೆಲ್ತಿದ್ರು. ನಾನು ಸ್ಪರ್ಧೆಗೆ ನಿಂತ ವರ್ಷ ಹುಡುಗೀರೆಲ್ಲ ಒಳಗೊಳಗೇ ಮಾತಾಡ್ಕೊಂಡ್ವಿ. ಇದ್ದವರು, ಇಲ್ಲದವರು, ಎಲ್ಲರೂ ಸ್ಕೂಲ್ ಯೂನಿಫಾರ್ಮಲ್ಲೇ ವೇದಿಕೆ ಹತ್ತಿದ್ವಿ. ತೀರ್ಪುಗಾರರಿಗೆ ದಿಕ್ಕೇ ತೋಚ್ಲಿಲ್ಲ! ಕೊನೆಗೆ 'ನಿಂಗೇನು ಬರುತ್ತಮ್ಮಾ, ಏನು ಓದ್ತೀಯ' ಅಂತ ಕೇಳಲೇಬೇಕಾಯ್ತು. ಅವತ್ತಿಂದ ಅದೇ ನಿಯಮ. ಅಂಕ, ಮಾತು, ಕೈಯಲ್ಲಿರೋ ವಿದ್ಯೆ, ಇಷ್ಟಕ್ಕೇ ಬೆಲೆ."

"ನೀವು ಗೆದ್ರಾ ನರ್ಸಕ್ಕ?" ಎಂದರು ಮಾಸ್ತರರು.

"ಮತ್ತೆ ನನ್ನನ್ನ ನರ್ಸಿಂಗ್ ಓದಿಸಿದ್ದು ಯಾರು ಅಂದ್ಕೊಂಡ್ರಿ? ನಿಮ್ಮ ಮಗಳನ್ನ ಮೊದಲು ಎತ್ಕೊಂಡಿದ್ದೂ ಇದೇ ಕೈ!"

ಮಾಸ್ತರರು ಮೆತ್ತಗಾದರು. "ಆದ್ರೂ ಇವಳಿಗೆ ಹಾಡೂ ಬರಲ್ಲ, ಕುಣಿತಾನೂ ಬರಲ್ಲ."

"ಈ ಬೀದಿಯ ಹೊಲಿಗೆ ಮಿಷನ್ನೆಲ್ಲ ರಿಪೇರಿ ಮಾಡೋದ್ಯಾರು, ಇವಳೇ ಅಲ್ವಾ? ಹಿತ್ತಲ ಗಿಡ ಮದ್ದಲ್ಲ ಅಂತ ನಿಮ್ಮನ್ನ ನೋಡಿಯೇ ಹೇಳಿರಬೇಕು!"

ಮಾಸ್ತರರು ತಾವೇ ಹೋಗಿ ಹೆಸರು ಕೊಟ್ಟು ಬಂದರು.

ಸ್ಪರ್ಧೆಯ ದಿನ ಮಗಳು ಅಪ್ಪನ ಹಳೇ ಮಿಷನ್ನನ್ನೇ ವೇದಿಕೆಗೆ ಏರಿಸಿದಳು. ಬಿಚ್ಚಿದಳು, ಒಂದೊಂದು ಭಾಗದ ಕೆಲಸ ವಿವರಿಸಿದಳು, ಮತ್ತೆ ಜೋಡಿಸಿ ಚಕ್ರ ತಿರುಗಿಸಿದಳು. ಮಿಷನ್ ಜಪ್ಪಯ್ಯ ಅಂದರೂ ಓಡಲಿಲ್ಲ. ಮಾಸ್ತರರು ದಡಕ್ಕನೆ ಎದ್ದು ನಿಂತರು.

"ಕೂತ್ಕೋ ಅಪ್ಪಾ. ನಾನು ನೋಡ್ಕೋತೀನಿ" ಎಂದಳು ಮಗಳು, ಮೈಕಿನಲ್ಲೇ.

ಸಭೆ ಗೊಳ್ಳೆಂದಿತು. ಅವಳು ಅಡಿಯಲ್ಲಿ ದಾರ ಸುತ್ತಿದ ಬಾಬಿನ್ ತೆಗೆದು ನೋಡಿದಳು. ದಾರ ಸಿಕ್ಕಿಕೊಂಡಿತ್ತು. ಬಿಡಿಸಿ ಹಾಕಿದಳು. ಮಿಷನ್ ಟಕಟಕನೆ ಓಡಿತು!

ಅವಳೇ ಗೆದ್ದಳು. ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಮಾಸ್ತರರೊಬ್ಬರೇ ಕೂತಿದ್ದರು. ಮಗಳು ಕೂತ್ಕೋ ಅಂದಿದ್ದಳಲ್ಲ! ಹೆಮ್ಮೆಗೆ ಕಣ್ಣು ತುಂಬಿ ಅವರಿಗೆ ಎದುರಿಗಿದ್ದ ವೇದಿಕೆಯೇ ಕಾಣುತ್ತಿರಲಿಲ್ಲ.

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮಗಳಿಗೂ ಏನೋ ಒಂದು ಬರುತ್ತದೆ. ಅದು ಏನೆಂದು ಇವತ್ತೇ ಅವಳನ್ನು ಕೇಳಿ. ಹತ್ತಿರದ ಶಾಲೆಯಲ್ಲಿ ವಿದ್ಯಾರ್ಥಿವೇತನದ ವಿಷಯ ವಿಚಾರಿಸಿ, ಹೆಸರು ಕೊಡಿಸಿ. ಆಮೇಲೆ ನೀವು ಸುಮ್ಮನೆ ಕೂತರೆ ಸಾಕು, ಅವಳು ನೋಡಿಕೊಳ್ಳುತ್ತಾಳೆ.